ದೊಡ್ಡಣ್ಣನ ಕ್ಯಾಮೆರಾ ಸರಿಹೋದ ಬಗೆ

ಕಂಪ್ಯೂಟರ್ ರಿಪೇರಿ ಅಂಗಡಿಗೆ ಬರುವವರೆಲ್ಲ ಅಣ್ಣನನ್ನು ದೊಡ್ಡಣ್ಣ ಎಂದೂ ತಮ್ಮನನ್ನು ಚಿಕ್ಕಣ್ಣ ಎಂದೂ ಕರೆಯುತ್ತಿದ್ದರು. ತಮ್ಮನಿಗೆ ಮುಂದಲೆ ಬೋಳಾಗಿ, ಮೊಣಕಾಲು ಕಟಕಟ ಎನ್ನಲು ಶುರುವಾದ ಮೇಲೂ ಅವನು ಚಿಕ್ಕಣ್ಣನಾಗಿಯೇ ಉಳಿದ. ಕೂದಲು ಉದುರಿದ ಮಾತ್ರಕ್ಕೆ ಯಾರೂ ದೊಡ್ಡವರಾಗುವುದಿಲ್ಲ, ಅದಕ್ಕೆ ಮುಂಚೆ ಹುಟ್ಟಿದವನು ಸ್ವಲ್ಪ ಜಾಗ ಬಿಡಬೇಕು. ದೊಡ್ಡಣ್ಣ ಜಾಗ ಬಿಡುವ ಪೈಕಿಯಲ್ಲ.

ಅಂಗಡಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ಮುಂದೆ ಉದ್ದನೆಯ ಮೇಜು, ಅದರ ಮೇಲೆ ಹೊಟ್ಟೆ ಬಗೆದಿಟ್ಟ ಯಂತ್ರಗಳು, ಹಿಂದೆ ಗಾಜಿನ ಗೋಡೆಯಾಚೆ ಒಂದು ಸಣ್ಣ ಕೋಣೆ, ಮಹಡಿಯ ಮೇಲೆ ಮನೆ. ದೊಡ್ಡಣ್ಣ ಮಹಾ ಕೆಲಸಗಾರ, ಅದನ್ನು ಅವನಿಗೆ ಆಗದವರೂ ಒಪ್ಪುತ್ತಿದ್ದರು. ಫ್ಯಾನಿನ ಸದ್ದು ಕೇಳಿಯೇ ಕಂಪ್ಯೂಟರಿನ ರೋಗ ಹೇಳಿಬಿಡುತ್ತಿದ್ದ. ತಮ್ಮನಿಗೆ ಕೆಲಸ ಕಲಿಸಿದವನೂ ಅವನೇ. ಆದರೆ ಕಲಿಸುವಾಗ ಆಡುತ್ತಿದ್ದ ಮಾತುಗಳನ್ನು ಕೇಳಿದರೆ ಬೀದಿನಾಯಿಯೂ ಗಲ್ಲಿ ಬಿಟ್ಟು ಹೋಗಬೇಕು. “ನಿನಗೆ ತಲೆ ಇರೋದು ಟೋಪಿ ಹಾಕ್ಕೊಳ್ಳೋಕೆ ಮಾತ್ರ ಕಣೋ,” ಎಂದು ಗಿರಾಕಿಗಳ ಮುಂದೆಯೇ ಹೇಳುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಚಿಕ್ಕಣ್ಣನೂ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ನಗುತ್ತಿದ್ದ. ‘ಚೆನ್ನಾಗಿ ಮಾಡಿದ್ದೀಯ’ ಎಂಬ ಒಂದು ಮಾತು ಅಣ್ಣನ ಬಾಯಿಂದ ಯಾವತ್ತೂ ಬಂದಿರಲಿಲ್ಲ. ಬರಲಿ ಎಂದು ಅವನು ಹಾತೊರೆದಿದ್ದ, ಇದರಲ್ಲಿ ಮುಚ್ಚಿಡುವುದೇನಿದೆ.

ಆಮೇಲೆ ದೊಡ್ಡಣ್ಣನಿಗೆ ನರಗಳ ಕಾಯಿಲೆ ಬಂತು. ಮೊದಲು ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬೀಳತೊಡಗಿತು. ಆಮೇಲೆ ಕಾಲು ಹೋಯಿತು, ಕುತ್ತಿಗೆ ಹೋಯಿತು, ಕೊನೆಗೆ ನಾಲಿಗೆಯೂ ಬಿದ್ದುಹೋಯಿತು. ಉಳಿದದ್ದು ಎರಡು ಕಣ್ಣು, ಮತ್ತು ಒಳಗೆ ಮೊದಲಿನಷ್ಟೇ ಚುರುಕಾಗಿದ್ದ ತಲೆ. ಚಿಕ್ಕಣ್ಣ ಬಿಕ್ಕಿ ಬಿಕ್ಕಿ ಅತ್ತ, ನಾಟಕದ ಅಳುವಲ್ಲ. ಅಳುತ್ತಿರುವಾಗಲೇ ‘ಇನ್ನು ಬೈಸಿಕೊಳ್ಳುವುದು ತಪ್ಪಿತು’ ಎಂಬ ಯೋಚನೆಯೂ ಬಂತು. ಅದಕ್ಕೆ ನಾಚಿ ಇನ್ನೂ ಜೋರಾಗಿ ಅತ್ತ.

ಬೈಗುಳ ತಪ್ಪಿರಲಿಲ್ಲ. ಅತ್ತಿಗೆ ಎಲ್ಲೆಲ್ಲೋ ಅಲೆದು ಕಣ್ಣಿನ ಕ್ಯಾಮೆರಾ ಒಂದನ್ನು ತರಿಸಿದಳು. ಪರದೆಯ ಕೆಳಗೆ ಅಂಟಿಸುವ ಕಪ್ಪು ಪಟ್ಟಿ ಅದು. ಪರದೆಯಲ್ಲಿ ಅಕ್ಷರಗಳಿರುತ್ತವೆ, ರೋಗಿ ಯಾವ ಅಕ್ಷರ ನೋಡುತ್ತಾನೋ ಅದು ಬೀಳುತ್ತದೆ, ವಾಕ್ಯ ಮುಗಿದ ಮೇಲೆ ಕಂಪ್ಯೂಟರು ಅದನ್ನು ಗಂಡು ದನಿಯಲ್ಲಿ ಓದುತ್ತದೆ. ಗಾಜಿನ ಕೋಣೆಯಲ್ಲಿ ಅದನ್ನು ಜೋಡಿಸಿಕೊಟ್ಟವನು ಚಿಕ್ಕಣ್ಣನೇ. ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದಾಗ ದೊಡ್ಡಣ್ಣನ ಮೊದಲ ಮಾತು ಬಂತು.

“ವೈರು ಸೊಟ್ಟಗಿದೆ.”

ಅತ್ತಿಗೆ ಅಳುತ್ತ ನಕ್ಕಳು. ಚಿಕ್ಕಣ್ಣ ವೈರು ನೆಟ್ಟಗೆ ಮಾಡಿದ.

ಅಂದಿನಿಂದ ಹಳೆಯ ಕಥೆಯೇ ಹೊಸ ದನಿಯಲ್ಲಿ ನಡೆಯಿತು. ಗಾಲಿಕುರ್ಚಿಯಲ್ಲಿ ಕೂತ ದೊಡ್ಡಣ್ಣ ಗಾಜಿನ ಆಚೆಯಿಂದ ಎಲ್ಲವನ್ನೂ ನೋಡುತ್ತಿದ್ದ. ಒಂದೊಂದು ವಾಕ್ಯಕ್ಕೂ ಹೊತ್ತು ಹಿಡಿಯುತ್ತಿತ್ತು, ಹಾಗಾಗಿ ಒಂದು ಅಕ್ಷರವನ್ನೂ ದಂಡ ಮಾಡುತ್ತಿರಲಿಲ್ಲ. ಒಮ್ಮೆ ಶಾಲೆಯೊಂದರ ಹೆಡ್ ಮೇಡಂ ಬಂದರು. ಶಾಲೆಯ ಕಂಪ್ಯೂಟರುಗಳನ್ನೆಲ್ಲ ಚಿಕ್ಕಣ್ಣನ ಕೈಗೆ ಒಪ್ಪಿಸುವ ಮನಸ್ಸು ಮಾಡಿದ್ದರು. ಅವನ ಹೆಸರು ಹಿಡಿದು ಬಂದ ಮೊದಲ ಕೆಲಸ ಅದು. ಮಾತು ಮುಗಿಯುವ ಹೊತ್ತಿಗೆ ಒಳಗಿನಿಂದ ಕಂಪ್ಯೂಟರಿನ ದನಿ ಕೇಳಿಸಿತು.

“ಕೊಡಿ ಮೇಡಂ. ಹೇಗೆ ಮಾಡಬಾರದು ಅಂತ ಮಕ್ಕಳು ಕಲೀಲಿ.”

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನೋಡೋಣ ಎಂದು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಅದೇ ವಾರ ಕಂಪ್ಯೂಟರುಗಳಿಗೆಲ್ಲ ದೊಡ್ಡ ಅಪ್‌ಡೇಟ್ ಬಂತು. ಅಪ್‌ಡೇಟ್ ಬಂದರೆ ಅಂಗಡಿಗೆ ಸುಗ್ಗಿ. ಹೊರಗಿನಿಂದ ಸಿಕ್ಕಿಸುವ ಪ್ರಿಂಟರು, ಸ್ಕ್ಯಾನರು, ಕ್ಯಾಮೆರಾ ಯಾವುದೇ ಇರಲಿ, ಅದಕ್ಕೂ ಕಂಪ್ಯೂಟರಿಗೂ ನಡುವೆ ದುಭಾಷಿಯಂತೆ ಒಂದು ಪುಟ್ಟ ಪ್ರೋಗ್ರಾಂ ಕೆಲಸ ಮಾಡುತ್ತದೆ. ಅದೇ ಡ್ರೈವರ್. ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಹೊಸದಾದಾಗ ಡ್ರೈವರ್ ಹಳೆಯದಾಗಿಯೇ ಉಳಿದರೆ ಮಾತುಕತೆ ನಿಂತುಹೋಗುತ್ತದೆ. ಮರುದಿನ ಬಾಗಿಲು ತೆಗೆಯುವ ಮೊದಲೇ ಜನ ನಿಂತಿದ್ದರು. ಫೋಟೋ ಸ್ಟುಡಿಯೋದವನ ಪ್ರಿಂಟರ್ ಸತ್ತಿತ್ತು, ವಕೀಲರ ಸ್ಕ್ಯಾನರ್ ಕಣ್ಣು ಮುಚ್ಚಿತ್ತು, ಸಂಗೀತದ ಮೇಷ್ಟ್ರ ಕಂಪ್ಯೂಟರು ಮೂಕವಾಗಿತ್ತು.

ಗಾಜಿನ ಕೋಣೆಯಲ್ಲೂ ಹಾಗೇ ಆಗಿತ್ತು. ದೊಡ್ಡಣ್ಣನ ಕಂಪ್ಯೂಟರು ಯಾರನ್ನೂ ಕೇಳದೆ ತಾನೇ ಅಪ್‌ಡೇಟ್ ಮಾಡಿಕೊಂಡಿತ್ತು. ಕ್ಯಾಮೆರಾದ ದೀಪ ಆರಿತ್ತು. ಚಿಕ್ಕಣ್ಣ ಬಗ್ಗಿ ಸಾಧನಗಳ ಪಟ್ಟಿ ತೆಗೆದ. ಕ್ಯಾಮೆರಾದ ಹೆಸರಿನ ಪಕ್ಕದಲ್ಲಿ ಹಳದಿ ತ್ರಿಕೋನ ಕಂಡಿತು, ಡ್ರೈವರ್ ಕೆಟ್ಟಿದೆ ಎಂಬ ಗುರುತು. ಇಂಥದ್ದಕ್ಕೆ ಅಂಗಡಿಯಲ್ಲಿ ಒಂದು ಕಟ್ಟಪ್ಪಣೆಯಿತ್ತು: ಹಳೆಯ ಡ್ರೈವರನ್ನು ಬೇರುಸಹಿತ ಕಿತ್ತು, ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸಿ, ಆಮೇಲೆ ಹೊಸದನ್ನು ಹಾಕಬೇಕು. ಮೇಲಿಂದ ಮೇಲೆ ಹೇರಿದರೆ ಎರಡೂ ಜಗಳಕ್ಕೆ ಬೀಳುತ್ತವೆ. ಇದನ್ನು ದೊಡ್ಡಣ್ಣ ಅವನ ಕಿವಿ ಹಿಂಡಿ ಕಲಿಸಿದ್ದ. ಕ್ಯಾಮೆರಾ ಮಾಡಿದ ಕಂಪನಿಯ ಜಾಲತಾಣದಲ್ಲಿ ಹೊಸ ಡ್ರೈವರ್ ಬಂದು ಕೂತಿತ್ತು. ಒಂದು ಲೋಟ ಟೀ ಆರುವಷ್ಟರಲ್ಲಿ ಮುಗಿಯುವ ಕೆಲಸ.

“ಏನಾಗಿದೆ?” ಅತ್ತಿಗೆ ಕೇಳಿದಳು.

ಚಿಕ್ಕಣ್ಣನ ಕೈ ಮೌಸಿನ ಮೇಲೆಯೇ ನಿಂತಿತು. ಹೆಡ್ ಮೇಡಂ ನಕ್ಕದ್ದು ಕಿವಿಯಲ್ಲಿ ಹಾಗೇ ಇತ್ತು.

“ಕಂಪನಿಯವ್ರು ಹೊಸ ಡ್ರೈವರ್ ಇನ್ನೂ ಬಿಟ್ಟಿಲ್ಲ ಅತ್ತಿಗೆ. ಬರೋ ತನಕ ಕಾಯ್ಬೇಕು.”

ಹೇಳಿ ಅಣ್ಣನ ಕಡೆ ನೋಡಿದ. ದೊಡ್ಡಣ್ಣ ಪರದೆಯನ್ನು ನೋಡುತ್ತಿದ್ದ. ಅಲ್ಲಿ ಕಂಪನಿಯ ಪುಟ ಇನ್ನೂ ತೆರೆದೇ ಇತ್ತು, ‘ಹೊಸ ಡ್ರೈವರ್ ಇಲ್ಲಿದೆ’ ಎಂದು ದಪ್ಪಕ್ಷರದಲ್ಲಿ. ದೊಡ್ಡಣ್ಣ ಓದಿದ. ಚಿಕ್ಕಣ್ಣ ಪುಟ ಮುಚ್ಚಿದ.

ಆ ದಿನಗಳು ಚಿಕ್ಕಣ್ಣನ ಬದುಕಿನಲ್ಲೇ ಸುಖದ ದಿನಗಳು, ಬೇಕಾದರೆ ಅವನನ್ನು ಬೈಯಿರಿ. ಗಿರಾಕಿಗಳ ಜೊತೆ ಗಂಟಲು ಬಿಟ್ಟು ಮಾತಾಡಿದ. ತಾನೂ ಒಂದೆರಡು ನಗೆಮಾತು ಆಡಿದ, ಜನ ನಕ್ಕಾಗ ಕೋಡು ಮೂಡಿದಂತಾಯಿತು. ಸಾಲು ಸಾಲು ಯಂತ್ರಗಳಿಗೆ ಹಳೆಯ ಡ್ರೈವರ್ ಕಿತ್ತ, ಹೊಸದು ಹಾಕಿದ. ಸ್ಟುಡಿಯೋದವನ ಪ್ರಿಂಟರ್ ಬಣ್ಣ ಉಗುಳಿತು, ಮೇಷ್ಟ್ರ ಕಂಪ್ಯೂಟರು ಹಾಡಿತು. ಗಾಜಿನ ಆಚೆಯಿಂದ ದೊಡ್ಡಣ್ಣ ಎಲ್ಲವನ್ನೂ ನೋಡಿದ. ತನಗೆ ಬೇಕಾದ ಮದ್ದನ್ನು ತನ್ನ ಕಣ್ಣೆದುರಿಗೇ ಊರಿಗೆಲ್ಲ ಹಂಚುತ್ತಿದ್ದುದನ್ನು ತುಟಿ ಪಿಟಕ್ಕೆನ್ನದೆ ನೋಡಿದ. ಅವನಿಗೆ ತುಟಿ ಅಲ್ಲಾಡುತ್ತಲೂ ಇರಲಿಲ್ಲ ಬಿಡಿ.

ಅತ್ತಿಗೆ ಸುಮ್ಮನೆ ಕೂರುವ ಹೆಂಗಸಲ್ಲ. ಅಕ್ಷರಮಾಲೆಯನ್ನು ಬಾಯಲ್ಲಿ ಒಂದೊಂದಾಗಿ ಹೇಳುತ್ತ, ಗಂಡ ಎಲ್ಲಿ ರೆಪ್ಪೆ ಬಡಿಯುತ್ತಾನೆ ಎಂದು ಕಾಯುತ್ತ ಕೂತಳು. ಅಕ್ಷರ ಸಿಕ್ಕಿದರೆ ಒತ್ತು ಸಿಗುತ್ತಿರಲಿಲ್ಲ, ಒತ್ತು ಸಿಕ್ಕಿದರೆ ದೀರ್ಘ ತಪ್ಪುತ್ತಿತ್ತು. ಮಧ್ಯಾಹ್ನವೆಲ್ಲ ಹೆಣಗಿ, ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಚಿಕ್ಕಣ್ಣ, ಇವರು ‘ಡ್ರೈವರ್’ ಅಂತಿದಾರೆ. ‘ಡ್ರೈವರ್ ಇ’ ಅನ್ನೋ ತನಕ ಬಂತು. ಅಷ್ಟರಲ್ಲಿ ಇವರಿಗೆ ಸುಸ್ತಾಯ್ತು.”

ಚಿಕ್ಕಣ್ಣನ ಬಾಯಿ ಆಗಲೇ ಪಳಗಿತ್ತು.

“ಅದೇ ಅತ್ತಿಗೆ, ‘ಡ್ರೈವರ್ ಇಲ್ಲ’ ಅಂತಿದಾನೆ. ನಾನು ಹೇಳಿದ್ದನ್ನೇ ಅವನೂ ಹೇಳ್ತಿದಾನೆ. ಪಾಪ, ಅವನಿಗೆ ಗೊತ್ತಾಗದೆ ಇರುತ್ತಾ?”

ಅತ್ತಿಗೆ ಒಳಗೆ ಹೋಗಿ ಗಂಡನ ತಲೆ ಸವರಿ, “ಗೊತ್ತಾಯ್ತು ರೀ, ಡ್ರೈವರ್ ಇಲ್ಲ ಅಂತ ತಾನೆ? ಬರುತ್ತೆ, ಸ್ವಲ್ಪ ತಾಳ್ಮೆ ಇರ್ಲಿ,” ಎಂದಳು. ದೊಡ್ಡಣ್ಣ ಎರಡು ಸಲ ರೆಪ್ಪೆ ಬಡಿದ. ಎರಡು ಸಲ ಎಂದರೆ ಅಲ್ಲ ಎಂದು. ಮತ್ತೆ ಎರಡು ಸಲ, ಮತ್ತೆ ಎರಡು ಸಲ. ಅತ್ತಿಗೆ ಅದನ್ನು ಹಟ ಎಂದುಕೊಂಡಳು. ಹಟಮಾರಿ ಗಂಡನ ಜೊತೆ ಬಾಳಿದವಳು ಬೇರೇನು ಅಂದುಕೊಳ್ಳಬೇಕು?

ಸೆಖೆ ಜೋರಾಗಿತ್ತು. ಅತ್ತಿಗೆ ಸ್ಟ್ಯಾಂಡ್ ಫ್ಯಾನ್ ತಂದು ಅವನ ಮುಖಕ್ಕೆ ನೇರವಾಗಿ ತಿರುಗಿಸಿ ಅಡಿಗೆಗೆ ಹೋಗುತ್ತಿದ್ದಳು. ಗಾಳಿ ದಿನವಿಡೀ ಕಣ್ಣಿಗೇ ಬಡಿಯುತ್ತಿತ್ತು. ಮೊದಲಾದರೆ ‘ಫ್ಯಾನ್ ತಿರುಗಿಸು, ನಿನ್ನ ತಲೆ ತಿರುಗಿದ ಹಾಗೆ’ ಎಂದೇನಾದರೂ ಕಂಪ್ಯೂಟರು ಬೈಯುತ್ತಿತ್ತು. ಈಗ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಚಿಕ್ಕಣ್ಣನಿಗೆ ಗಾಜಿನಲ್ಲಿ ಎಲ್ಲ ಕಾಣುತ್ತಿತ್ತು. ಹೋಗಿ ತಿರುಗಿಸಬಹುದಿತ್ತು. ಗಿರಾಕಿ ಇದ್ದ. ಆ ಗಿರಾಕಿ ಹೋಗುತ್ತಲೇ ಇನ್ನೊಬ್ಬ ಬಂದ. ಗಿರಾಕಿ ಯಾರೂ ಇಲ್ಲದಾಗ ಚಿಕ್ಕಣ್ಣ ಮೇಜು ಒರೆಸಿದ.

ದೊಡ್ಡಣ್ಣನ ಕೈಕಾಲು ಮಡಿಸಿ ಬಿಡಿಸಿ ವ್ಯಾಯಾಮ ಮಾಡಿಸಲು ಒಬ್ಬ ನರ್ಸಮ್ಮ ಬರುತ್ತಿದ್ದರು. ಅವರು ಆರಿದ ಕ್ಯಾಮೆರಾ ನೋಡಿ ಕೇಳಿದರು, “ಇದ್ಯಾಕೆ ಹೀಗಿದೆ? ನಮ್ಮ ಆಸ್ಪತ್ರೆಯಲ್ಲೂ ಇದೇ ಇದೆ. ಅಪ್‌ಡೇಟ್ ಆದ್ಮೇಲೂ ಚೆನ್ನಾಗಿ ನಡೀತಿದೆಯಲ್ಲ. ನಾಳೆ ನಮ್ಮ ಕಂಪ್ಯೂಟರ್ ಹುಡುಗಿನ ಕರ್ಕೊಂಡು ಬರ್ತೀನಿ, ಒಂದ್ಸಲ ನೋಡ್ಲಿ.”

ಪಶ್ಚಾತ್ತಾಪದಿಂದ ಆಗದ್ದನ್ನು ಹೆದರಿಕೆ ಮಾಡಿಸಿತು. “ಬೇಡ ನರ್ಸಮ್ಮ, ಇವತ್ತೇ ಡ್ರೈವರ್ ಬಂದಿದೆ, ಈಗ ಹಾಕೋನೇ ಇದ್ದೆ,” ಎಂದು ಚಿಕ್ಕಣ್ಣ ಅಲ್ಲೇ ಕುರ್ಚಿ ಎಳೆದು ಕೂತ. ಹಳೆಯದನ್ನು ಬೇರುಸಹಿತ ಕಿತ್ತ. ಕಂಪ್ಯೂಟರು ಆರಿಸಿ ಹೊತ್ತಿಸಿದ. ಹೊಸದನ್ನು ಹಾಕಿದ. ಕ್ಯಾಮೆರಾದ ದೀಪ ಹೊತ್ತಿತು. ಕಣ್ಣಿನ ಅಳತೆ ಹಿಡಿಯಲು ಪರದೆಯ ಮೂಲೆ ಮೂಲೆಯಲ್ಲಿ ಚುಕ್ಕೆ ಕುಣಿಯಿತು, ದೊಡ್ಡಣ್ಣನ ಕೆಂಪು ಕಣ್ಣು ಒಂದನ್ನೂ ಬಿಡದೆ ಹಿಂಬಾಲಿಸಿತು. ಎಲ್ಲ ಚುಕ್ಕೆಗಳೂ ಹಸಿರಾದವು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಆ ಅಂಗಡಿಯಲ್ಲಿ ಚಿಕ್ಕಣ್ಣ ಮಾಡಿದ ಕೆಲಸಗಳಲ್ಲೆಲ್ಲ ಅದೇ ಅಚ್ಚುಕಟ್ಟಾದದ್ದು.

ಅತ್ತಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. “ಮಾತಾಡಿ, ಏನಾದ್ರೂ ಮಾತಾಡಿ!”

ಅಕ್ಷರಗಳು ಒಂದೊಂದಾಗಿ ಬಿದ್ದವು. ದೊಡ್ಡಣ್ಣ ಈ ಸಲ ನಗೆಮಾತಿಗೆ ಹೋಗಲಿಲ್ಲ. ಕಂಪ್ಯೂಟರು ತನ್ನ ಚಪ್ಪಟೆ ದನಿಯಲ್ಲಿ ಓದಿತು.

“ಡ್ರೈವರ್ ಮೊದಲೇ ಇತ್ತು. ಇವನು ಬೇಕೆಂದೇ ಹಾಕಲಿಲ್ಲ.”

ನರ್ಸಮ್ಮ ಚಿಕ್ಕಣ್ಣನ ಮುಖ ನೋಡಿದರು, ಅತ್ತಿಗೆಯೂ ನೋಡಿದಳು. ಕಾಲು ಹಿಡಿದು ಅತ್ತುಬಿಡಲು ಅವನಿಗೆ ಒಂದು ಗಳಿಗೆ ಸಿಕ್ಕಿತ್ತು. ಅವನು ಪರದೆಯ ಕಡೆ ಬಗ್ಗಿ, ವಾಚು ರಿಪೇರಿಯವನ ಹಾಗೆ ಕಣ್ಣು ಕಿರಿದು ಮಾಡಿದ.

“ಛೇ, ಅಕ್ಷರ ತಪ್ಪು ತಪ್ಪು ಹಿಡೀತಿದೆ,” ಎಂದ. “ಇವನೇನೋ ಹೇಳ್ತಾನೆ, ಅದೇನೋ ಬೀಳ್ತಿದೆ. ಅಳತೆ ಸರಿಯಾಗಿ ಕೂತಿಲ್ಲ.”

“ಆಗಬಹುದು,” ಎಂದರು ನರ್ಸಮ್ಮ, ನಿಟ್ಟುಸಿರು ಬಿಟ್ಟು. “ಕಣ್ಣು ನೋಡಿ ಎಷ್ಟು ಕೆಂಪಾಗಿದೆ. ಕಣ್ಣು ಹೀಗಿದ್ರೆ ಕ್ಯಾಮೆರಾಕ್ಕೆ ಗೊತ್ತಾಗಲ್ಲ. ನಮ್ಮಲ್ಲೂ ಒಬ್ಬರಿಗೆ ಏನೇನೋ ಬರ್ತಿತ್ತು.”

ಕಂಪ್ಯೂಟರು ಮತ್ತೆ ಬಾಯಿ ಬಿಟ್ಟಿತು. “ಸರಿಯಾಗಿ ಹಿಡಿಯುತ್ತಿದೆ.”

“ನೋಡಿದ್ರಾ?” ಎಂದ ಚಿಕ್ಕಣ್ಣ. ಅದು ಯಾವುದಕ್ಕೆ ಸಾಕ್ಷಿಯೋ ಅವನಿಗೂ ತಿಳಿಯಲಿಲ್ಲ. ಆದರೆ ರಿಪೇರಿ ಬಲ್ಲವನು ಅಲ್ಲಿ ಅವನೊಬ್ಬನೇ. ಬಲ್ಲ ಇನ್ನೊಬ್ಬ ಕುರ್ಚಿಯಲ್ಲಿದ್ದ, ಅವನ ಮಾತೇ ಈಗ ರಿಪೇರಿಗೆ ಬಂದ ಸರಕು.

ಅತ್ತಿಗೆ ಗಂಡನನ್ನು ನೋಡಿದಳು. ರೆಪ್ಪೆ ಬಡಿಸಿ ಹೌದೋ ಅಲ್ಲವೋ ಎಂದು ಕೇಳಿದ್ದರೆ ಆಗಿತ್ತು. ಕೇಳಲಿಲ್ಲ. ನಂಬಿದಳೋ, ಅಂಗಡಿಯೂ ಮನೆಯೂ ಯಾರ ಕೈಯಲ್ಲಿ ನಡೆಯುತ್ತಿದೆ ಎಂದು ಯೋಚಿಸಿದಳೋ, ಚಿಕ್ಕಣ್ಣನಿಗೆ ಇವತ್ತಿಗೂ ಗೊತ್ತಿಲ್ಲ. ಸೆರಗಿನ ತುದಿಯಿಂದ ಗಂಡನ ಕಣ್ಣೊರೆಸಿ, “ಸಾಕು, ಕಣ್ಣು ಉರಿಯುತ್ತೆ. ಆರಿಸಿಬಿಡು ಚಿಕ್ಕಣ್ಣ. ಕಣ್ಣು ವಾಸಿಯಾದ್ಮೇಲೆ ನೋಡೋಣ,” ಎಂದಳು. ಅವನು ಆರಿಸಿದ.

ಕಣ್ಣು ತಿಳಿಯಾದ ಮೇಲೆ ಮತ್ತೆ ಹಚ್ಚಿದರು. “ಇವನು ಸುಳ್ಳ,” ಎಂದಿತು ಕಂಪ್ಯೂಟರು. “ಇನ್ನೂ ಸರಿಹೋಗಿಲ್ಲ,” ಎಂದು ಚಿಕ್ಕಣ್ಣ ಆರಿಸಿದ. ಈ ಸಲ ಅತ್ತಿಗೆ ಹೇಳುವವರೆಗೂ ಕಾಯಲಿಲ್ಲ. ಕೆಲವು ದಿನ ಬಿಟ್ಟು ಮತ್ತೊಮ್ಮೆ ಹಚ್ಚಿದಾಗ “ನೀರು” ಎಂದಿತು. ಅತ್ತಿಗೆ ಖುಷಿಯಿಂದ ನೀರು ಕುಡಿಸಿದಳು. ನೀರು ಗಂಟಲಿಳಿದ ಮೇಲೆ “ಇವನು ಬೇಕೆಂದೇ” ಎನ್ನುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ಆಮೇಲೆ ಬಹಳ ದಿನ ಅದನ್ನು ಯಾರೂ ಹಚ್ಚಲಿಲ್ಲ. ಬಾಯಾರಿದರೂ, ಬೆನ್ನು ನೊಂದರೂ, ಕಿವಿಯ ಮೇಲೆ ನೊಣ ಕೂತರೂ ದೊಡ್ಡಣ್ಣ ಸುಮ್ಮನೆ ಕೂತಿದ್ದ.

ಶಾಲೆಗೆ ಹೊಸ ಹೆಡ್ ಮೇಡಂ ಬಂದಿದ್ದರು. ಒಂದು ಬೆಳಿಗ್ಗೆ ಕಂಪ್ಯೂಟರುಗಳ ವಿಷಯ ಮಾತಾಡಲು ಅಂಗಡಿಗೆ ಬಂದವರು, ಗಾಜಿನ ಕೋಣೆಯ ಕಡೆ ನೋಡಿ, “ಇವರು ಆ ಯಂತ್ರದಲ್ಲಿ ಮಾತಾಡ್ತಾರಂತೆ, ಹೌದಾ?” ಎಂದು ಕುತೂಹಲದಿಂದ ಕೇಳಿದರು. ಬೇಡ ಎನ್ನಲು ಚಿಕ್ಕಣ್ಣನಿಗೆ ನೆಪ ಸಿಗಲಿಲ್ಲ. ಸ್ವಿಚ್ಚಿನ ಪಕ್ಕದಲ್ಲೇ ನಿಂತು, ಅದರ ಮೇಲೆ ಬೆರಳಿಟ್ಟುಕೊಂಡೇ ಹಚ್ಚಿದ.

ದೊಡ್ಡಣ್ಣ ಆ ಬೆರಳನ್ನು ನೋಡಿದ. ಆಮೇಲೆ ಪರದೆಯ ಕಡೆ ಕಣ್ಣು ತಿರುಗಿಸಿದ. ಅಕ್ಷರಗಳು ಬಹಳ ನಿಧಾನವಾಗಿ, ಒಂದೂ ತಪ್ಪದೆ ಬಿದ್ದವು.

“ನನ್ನ ತಮ್ಮ ಚೆನ್ನಾಗಿ ಕೆಲಸ ಮಾಡುತ್ತಾನೆ. ನಂಬಿ ಕೊಡಿ. ನನಗೆ ಸ್ವಲ್ಪ ನೀರು ಬೇಕು.”

ಚಿಕ್ಕಣ್ಣ ಬದುಕೆಲ್ಲ ಕಾದ ಮಾತು ಅದು, ಕಿವಿಗೆ ಬಿದ್ದಾಗ ಮಾತ್ರ ಬೆನ್ನಿನ ಮೇಲೆ ತಣ್ಣೀರು ಸುರಿದಂತಾಯಿತು. ಅವನು ಸ್ವಿಚ್ಚಿನಿಂದ ಬೆರಳು ತೆಗೆದ.

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ನೀರಿನ ಲೋಟ ಹಿಡಿದು ಒಳಗೆ ಬಂದಳು. “ನೋಡು, ಈಗ ಸರಿಯಾಗಿ ಹಿಡೀತಿದೆ,” ಎಂದಳು.