ಇನೆಜ್ ಬಾಯಿಯ ತೂತಿನ ಸಲಿಕೆ

ಇನೆಜ್ ಬಾಯಿಗೆ ಬೆರಳಿನ ಗಂಟುಗಳು ನೋಯಲು ಶುರುವಾದಾಗ, ಟೈಪಿಂಗ್ ಜಾಸ್ತಿಯಾದದ್ದಕ್ಕೆ ಇರಬೇಕು ಎಂದುಕೊಂಡಿದ್ದರು. ಗಲ್ಫಿನಲ್ಲಿ, ಮಿರ್ಕಾಬಿನ ಒಂದು ಸರಕು ಸಾಗಣೆ ಆಫೀಸಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಂಪ್ಯೂಟರಿನ ಮುಂದೆ ಕೂತವರು ಅವರು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದೆ, ಹಲ್ಲುಜ್ಜುವ ಬ್ರಶ್ಶನ್ನು ಎರಡು ಕೈಯಲ್ಲಿ ಹಿಡಿಯುವ ಹಾಗಾದ ಮೇಲೆ ಡಾಕ್ಟರಿಗೆ ತೋರಿಸಿದರು. ಸಂಧಿವಾತ ಎಂದು ತಿಳಿಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಸುಮ್ಮನೆ ಕೂರಬೇಡಿ, ದಿನಾ ನಡೀರಿ" ಎಂದರು.

ಫರ್ವಾನಿಯಾದ ಅವರ ಬೀದಿಯಲ್ಲಿ ನಡೆಯುವುದೆಂದರೆ ನಿಲ್ಲಿಸಿದ ಕಾರುಗಳ ನಡುವೆ ನುಸುಳುವುದು. ಹಾಗಾಗಿ ಗಂಡ ಬರ್ನಾರ್ಡ್ ಶುಕ್ರವಾರ ಸಂಜೆ ಅವರನ್ನು ಫಿಂತಾಸ್ ಕಡೆಯ ಬೀಚಿಗೆ ಕರೆದುಕೊಂಡು ಹೋಗತೊಡಗಿದರು. ಬರ್ನಾರ್ಡ್ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು. ಬೀಚಿಗೆ ಬಂದರೆ ಮಡಚುವ ಕುರ್ಚಿ ಹಾಕಿ, ಫ್ಲಾಸ್ಕಿನ ಚಹಾ ಕುಡಿಯುತ್ತಾ ಕೂರುವುದೇ ಅವರ ವ್ಯಾಯಾಮ.

ಅದೇ ಹೊತ್ತಿಗೆ ಮೇಲಿನ ಫ್ಲಾಟಿನ ನೈಜೆಲ್ ಕೆಲಸ ಬಿಟ್ಟು ಮಂಗಳೂರಿಗೆ ಹೊರಟ. ಸಾಮಾನು ಖಾಲಿ ಮಾಡುವಾಗ ಅವನಲ್ಲಿದ್ದ ಮೆಟಲ್ ಡಿಟೆಕ್ಟರನ್ನು ಇವರ ಬಾಗಿಲಲ್ಲಿ ಇಟ್ಟು ಹೋದ. ನೆಲದ ಮೇಲೆ ಬೀಸಿಕೊಂಡು ಹೋದರೆ, ಅಡಿಯಲ್ಲಿ ಲೋಹವಿದ್ದಲ್ಲಿ ಕುಂಯ್ ಎನ್ನುವ ಉದ್ದ ಕೋಲಿನ ಯಂತ್ರ. ಬರ್ನಾರ್ಡರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಇನೆಜ್ ಬಾಯಿ ಕುತೂಹಲಕ್ಕೆ ಬೀಚಿಗೆ ತಂದು ಬೀಸಿದರು. ಮೊದಲ ಸಂಜೆ ಸಿಕ್ಕಿದ್ದು ಸೋಡಾ ಮುಚ್ಚಳಗಳು, ಒಂದು ಚಮಚ, ಕಪ್ಪಾದ ಒಂದು ಫಿಲ್ಸ್ ನಾಣ್ಯ. ಆ ನಾಣ್ಯವನ್ನು ಅವರು ಮನೆಯವರೆಗೂ ಅಂಗೈಯಲ್ಲೇ ಇಟ್ಟುಕೊಂಡು ಬಂದರು.

"ಇದರಲ್ಲಿ ಎಂತ ಉಂಟು ಮಾರಾಯ್ತಿ?" ಎಂದು ಬರ್ನಾರ್ಡ್ ಕೇಳಿದರು.

"ನಂಗೆ ಗೊತ್ತಿಲ್ಲ. ಆದ್ರೆ ಎರಡು ಗಂಟೆ ಕೈ ನೋವು ನೆನಪಾಗ್ಲಿಲ್ಲ."

ನೋವು ನೆನಪಾದದ್ದು ಮರುದಿನ. ಅಗೆಯಲು ಅವರು ಕುಂಡದ ಗಿಡಗಳಿಗೆ ಬಳಸುವ ಪುಟ್ಟ ಕೈಸಲಿಕೆ ಒಯ್ದಿದ್ದರು. ಮೊಣಕಾಲೂರಿ, ಮುಂಗೈ ತಿರುಚಿ ತಿರುಚಿ ಮರಳು ತೆಗೆದದ್ದರಿಂದ ಬೆರಳುಗಳು ಊದಿಕೊಂಡು ಚಹಾದ ಕಪ್ಪು ಎತ್ತಲೂ ಆಗಲಿಲ್ಲ. ರವಿಕೆಯ ಗುಂಡಿಗಳನ್ನು ಬರ್ನಾರ್ಡರೇ ಹಾಕಿಕೊಟ್ಟರು.

"ಖಲಾಸ್," ಎಂದರು ಬರ್ನಾರ್ಡ್. "ಇನ್ನು ಅದನ್ನು ಮುಟ್ಟೋದು ಬೇಡ."

ಯಂತ್ರ ಕಪಾಟಿನ ಹಿಂದೆ ಹೋಯಿತು. ಕೆಲವು ವಾರ ಇನೆಜ್ ಬಾಯಿ ಬರೀ ನಡೆದರು. ನಡೆಯುವಾಗ ಯೋಚಿಸಿದರು. ಯಂತ್ರ ಬೀಸಿದ್ದರಿಂದ ಏನೂ ಆಗಿರಲಿಲ್ಲ, ಅದರ ಭಾರ ಮೊಣಕೈಗೆ ಸಿಕ್ಕಿಸುವ ಪಟ್ಟಿಯ ಮೇಲೆ ಬೀಳುತ್ತದೆ. ನೋಯಿಸಿದ್ದು ಅಗೆಯುವ ಕೆಲಸ ಮಾತ್ರ. ಹಾಗಾದರೆ ಬೇರೆ ಸಲಿಕೆ ಹುಡುಕಬೇಕು.

ಶುಕ್ರವಾರದ ಸಂತೆಯಲ್ಲಿ ಒಂದು ಮಡಚುವ ಸಲಿಕೆ ಕೊಂಡರು. ಅದಕ್ಕೆ ಪೂರ್ತಿ ಬಗ್ಗಬೇಕಿತ್ತು. ಬೆರಳು ಉಳಿಯಿತು, ಸೊಂಟ ಹಿಡಿಯಿತು. ಆಮೇಲೆ ಆನ್‌ಲೈನಿನಲ್ಲಿ ಬೀಚಿಗೆಂದೇ ಮಾಡಿದ ಉದ್ದ ಹಿಡಿಯ ಒಂದು ಸಲಿಕೆ ತರಿಸಿದರು. ಅದರ ಬಾಯಿ ಬಕೆಟಿನ ಹಾಗೆ, ಮೈಯೆಲ್ಲ ತೂತು. ಮರಳು ಕೆಳಗೆ ಉದುರಿ ವಸ್ತು ಮಾತ್ರ ಒಳಗೆ ಉಳಿಯುತ್ತದೆ. ಉಪಾಯ ಒಳ್ಳೆಯದೇ, ಆದರೆ ದಪ್ಪ ಸ್ಟೀಲಿನದು. ಒದ್ದೆ ಮರಳು ತುಂಬಿದಾಗ ಅದನ್ನು ಎತ್ತಲು ಹೋಗಿ ಭುಜ ಹಿಡಿದುಕೊಂಡು ಕೂತುಬಿಟ್ಟರು. ಬರ್ನಾರ್ಡ್ ಬಂದು ಅದನ್ನು ಕಾರಿನ ಡಿಕ್ಕಿಗೆ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಇನೆಜ್ ಬಾಯಿಗೆ ಅನಿಸಿತು.

ಮನೆಗೆ ಹೋಗುವ ದಾರಿಯಲ್ಲಿ ಬರ್ನಾರ್ಡರೇ ಮಾತು ತೆಗೆದರು. "ಸಬ್ಹಾನಿನಲ್ಲಿ ಹಸೈನಾರ್ ಅಂತ ಒಬ್ರು ಇದ್ದಾರೆ. ಉಳ್ಳಾಲದವರು. ನಮ್ಮ ಎಕ್ಸ್‌ರೇ ಸ್ಟ್ಯಾಂಡಿಗೆ ವೆಲ್ಡಿಂಗ್ ಮಾಡಿಕೊಟ್ಟದ್ದು ಅವರೇ. ಒಮ್ಮೆ ಕೇಳುವ."

ಹಸೈನಾರರದು ಹೋಟೆಲ್ ಅಡುಗೆಮನೆಗಳ ಸ್ಟೀಲ್ ಸಾಮಾನು ಮಾಡುವ ವರ್ಕ್‌ಶಾಪು. ಬೇರೆಯವರ ಲೈಸೆನ್ಸು, ನಡೆಸುವುದು ಇವರು. ಶನಿವಾರ ಮಧ್ಯಾಹ್ನ ಗಂಡಹೆಂಡತಿ ಹೋದಾಗ ಅವರು ಒಂದು ಸಿಂಕಿನ ಅಡಿ ಮಲಗಿದ್ದರು. ಎದ್ದು ಬಂದು, ಭಾರದ ಸಲಿಕೆಯನ್ನು ಕೈಯಲ್ಲಿ ತೂಗಿ ನೋಡಿದರು.

"ಇದು ಒಳ್ಳೆ ಮಾಲು ಬಾಯಿ. ಆದ್ರೆ ಗಟ್ಟಿಮುಟ್ಟು ಗಂಡಸರಿಗೆ. ನಿಮಗೆ ಹಗುರದ್ದು ಬೇಕು, ಅಷ್ಟೇ ಅಲ್ವಾ?"

ಮುಂದಿನ ವಾರ ಅವರು ಮಾಡಿಟ್ಟದ್ದು ನಿಜಕ್ಕೂ ಹಗುರವಿತ್ತು. ಬಿರಿಯಾನಿಯ ಅನ್ನ ಬಸಿಯುವ ತೆಳು ತೂತಿನ ಪಾತ್ರೆಯೊಂದನ್ನು ಓರೆಯಾಗಿ ಕತ್ತರಿಸಿ, ಮುಂದಿನ ಅಂಚಿಗೆ ಗಟ್ಟಿ ಪಟ್ಟಿ ಕೊಟ್ಟು, ಹಿಂದೆ ಉದ್ದನೆಯ ಅಲ್ಯೂಮಿನಿಯಂ ಪೈಪು ಕೂರಿಸಿದ್ದರು. ವರ್ಕ್‌ಶಾಪಿನ ಹಿಂದಿನ ಮರಳಿನಲ್ಲಿ ಇನೆಜ್ ಬಾಯಿ ಎರಡು ಸಲ ಅಗೆದು ನಿಲ್ಲಿಸಿದರು.

"ಆಗ್ಲಿಲ್ವಾ?" ಹಸೈನಾರರ ಮುಖ ಸಣ್ಣದಾಯಿತು.

"ಭಾರ ಇಲ್ಲ ಹಸೈನಾರ್ ಅವರೇ, ಅದು ಸರಿಯಾಗಿದೆ. ಪೈಪು ಸಪೂರ ಆಯ್ತು. ಗಟ್ಟಿ ಹಿಡಿಯಬೇಕಾದ್ರೆ ಬೆರಳು ಪೂರ್ತಿ ಮಡಚಬೇಕು. ನನಗೆ ಇಲ್ಲಿಗಿಂತ ಮುಂದೆ ಮಡಚೋದಿಲ್ಲ." ಅರ್ಧ ತೆರೆದ ಅಂಗೈಯನ್ನು ಅವರು ಮುಂದೆ ಹಿಡಿದರು. ಕಿತ್ತಳೆ ಹಿಡಿದವರ ಹಾಗೆ ಇತ್ತು ಆ ಕೈ.

ಹಸೈನಾರ್ ಆ ಕೈಯನ್ನು ನೋಡಿದರು. ಒಳಗೆ ಹೋಗಿ, ಎಸಿಯ ತಾಮ್ರದ ಪೈಪಿಗೆ ಸುತ್ತುವ ಕಪ್ಪು ಸ್ಪಂಜಿನ ಕೊಳವೆಯನ್ನು ಒಂದು ತುಂಡು ತಂದು ಹಿಡಿಗೆ ತೊಡಿಸಿದರು. ಈಗ ಹಿಡಿ ದಪ್ಪವಾಯಿತು, ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲೇ ಹಿಡಿತ ಸಿಕ್ಕಿತು.

"ಮೊಣಕಾಲು ಹೇಗುಂಟು?" ಎಂದು ಕೇಳಿದರು.

"ತುಳಿಯಲಿಕ್ಕೆ ಅಡ್ಡಿಯಿಲ್ಲ. ಕೂತು ಏಳಲಿಕ್ಕೆ ಕಷ್ಟ."

"ಹಾಗಾದ್ರೆ ಕೈ ಯಾಕೆ ದುಡೀಬೇಕು? ಕಾಲು ದುಡೀಲಿ."

ಪಾತ್ರೆಯ ಹಿಂದೆ ಪಾದ ಊರುವಷ್ಟು ಅಗಲದ ತಗಡು ವೆಲ್ಡ್ ಆಯಿತು. ಪೈಪಿನ ತುದಿಯಲ್ಲಿ ಸೈಕಲ್ ಹ್ಯಾಂಡಲಿನ ಹಾಗೆ ಅಡ್ಡಪಟ್ಟಿ ಬಂತು. ಪಾದದಿಂದ ಒತ್ತಬೇಕು, ಎರಡೂ ಕೈ ಅಡ್ಡಪಟ್ಟಿಯ ಮೇಲಿಟ್ಟು ಮೈಭಾರವನ್ನು ಹಿಂದಕ್ಕೆ ಹಾಕಬೇಕು, ಬಂದ ಮರಳನ್ನು ಎತ್ತದೆ ನೆಲದ ಮೇಲೇ ಎಳೆದು ಕುಲುಕಬೇಕು. ಇನೆಜ್ ಬಾಯಿ ಇದನ್ನೆಲ್ಲ ಬೀಚಿನಲ್ಲಿ ತಾವೇ ಕಲಿತರು. ಒಂದೇ ಸಲ ಆಳಕ್ಕೆ ಹೋಗದೆ ಸ್ವಲ್ಪ ಸ್ವಲ್ಪವೇ ತೆಗೆದರೆ ಮರುದಿನ ಕೈ ತಕರಾರು ತೆಗೆಯುವುದಿಲ್ಲ ಎಂಬುದೂ ಗೊತ್ತಾಯಿತು. ಬರ್ನಾರ್ಡ್ ಒಂದೇ ಷರತ್ತು ಹಾಕಿದರು: ಬೀಚಿನ ಮರಳು ಮಾತ್ರ, ಮರುಭೂಮಿಯ ಕಡೆ ಕಾಲಿಡಬಾರದು, ಗಲ್ಫ್ ಯುದ್ಧಕಾಲದ ಸಿಡಿಯದ ಬಾಂಬುಗಳು ಎಲ್ಲಿವೆಯೋ ಯಾರಿಗೆ ಗೊತ್ತು.

ಚಳಿ ಇಳಿಯುತ್ತಿದ್ದ ಒಂದು ಶುಕ್ರವಾರ, ಬಿಸಿಲು ಬಾಗುವ ಹೊತ್ತು. ಬುರ್ಖಾ ತೊಟ್ಟ ಒಬ್ಬ ಯುವತಿ ಓಡುತ್ತಾ ಬಂದು ಇನೆಜ್ ಬಾಯಿಯ ಎದುರು ನಿಂತಳು. ಮೊದಲು ಹಿಂದಿಯಲ್ಲಿ ಕೇಳಿದಳು. ಬರ್ನಾರ್ಡ್ ಹೆಂಡತಿಯನ್ನು ಕರೆದ ಧಾಟಿ ಕೇಳಿ ಕನ್ನಡಕ್ಕೆ ತಿರುಗಿದಳು. ಅವಳ ಹೆಸರು ರಾಹಿಲಾ. ಊರು ಬಂಟ್ವಾಳ.

"ಆಂಟಿ, ನನ್ನ ಮಗಳ ಕಿವಿಯ ಮಿಶನ್ ಬಿದ್ದುಹೋಯ್ತು. ಆಪರೇಶನ್ ಮಾಡಿ ತಲೆಯೊಳಗೆ ಇಟ್ಟದ್ದಕ್ಕೆ ಹೊರಗಿನಿಂದ ಅಂಟಿಕೊಳ್ಳುವ ಮ್ಯಾಗ್ನೆಟ್ ಇರುವಂಥದ್ದು. ಅದು ಇಲ್ಲದಿದ್ರೆ ಅವಳಿಗೆ ಒಂದು ಶಬ್ದವೂ ಕೇಳಿಸೋದಿಲ್ಲ."

ಮಗಳು ಅಲೀಮಾಳಿಗೆ ಆರು ವರ್ಷವಿರಬಹುದು. ಮರಳಿನಲ್ಲಿ ನಿಂತು ಅಳುತ್ತಿದ್ದಳು. ತಾಯಿ ಎದುರಿಗೆ ಬಂದು ಮೊಣಕಾಲೂರಿದಾಗ ಮಾತ್ರ ಅವಳ ತುಟಿಯನ್ನೇ ನೋಡುತ್ತಾ ಸುಮ್ಮನಾಗುತ್ತಿದ್ದಳು.

ಮಗು ಆಡಿದ ಜಾಗ ಚಿಕ್ಕದಲ್ಲ, ನೀರು ಬೇರೆ ಏರುತ್ತಿತ್ತು. ಇನೆಜ್ ಬಾಯಿ ನೀರಿನ ಅಂಚಿನಿಂದಲೇ ಬೀಸತೊಡಗಿದರು. ಕುಂಯ್ ಎಂದಲ್ಲೆಲ್ಲ ಅಗೆದರು. ಆದರೆ ಈ ದಿನ ಪಾದ ಒತ್ತುವಂತಿಲ್ಲ. ಗಟ್ಟಿ ಅಂಚು ಆ ನಾಜೂಕು ವಸ್ತುವನ್ನು ತುಂಡು ಮಾಡಿಬಿಡಬಹುದು. ಹಾಗಾಗಿ ಪಕ್ಕದಿಂದ, ತೆಳುವಾಗಿ, ಕೈಬಲದಲ್ಲೇ ಕೆರೆಯಬೇಕಾಯಿತು. ಮುಚ್ಚಳ ಬಂತು, ಮೊಳೆ ಬಂತು, ಬೀಗದ ಕೈ ಬಂತು. ಅರ್ಧ ಜಾಗ ಮುಗಿಯುವಷ್ಟರಲ್ಲಿ ಅವರ ಬಲಗೈ ಅಡ್ಡಪಟ್ಟಿಯಿಂದ ತಾನಾಗಿ ಜಾರಿತು. ಮತ್ತೆ ಹಿಡಿದರು. ಮತ್ತೆ ಜಾರಿತು.

ರಾಹಿಲಾ ನೋಡುತ್ತಿದ್ದಳು. ಆ ತಾಯಿಯ ಎದುರು ಆಗುವುದಿಲ್ಲ ಎನ್ನಲು ಇನೆಜ್ ಬಾಯಿಗೆ ನಾಲಗೆ ಏಳಲಿಲ್ಲ. ಕಣ್ಣು ಮಾತ್ರ ಬರ್ನಾರ್ಡರ ಕುರ್ಚಿಯ ಕಡೆ ಹೋಯಿತು. ಅವರು ಆಗಲೇ ಪ್ಯಾಂಟು ಮಡಚಿಕೊಂಡು ಬರುತ್ತಿದ್ದರು.

"ಕೊಡು ಇಲ್ಲಿ. ನೀನು ಬೀಸು, ನಾನು ತೆಗೀತೇನೆ."

ಅವರು ಬಂದವರೇ ತಗಡಿನ ಮೇಲೆ ಕಾಲಿಟ್ಟರು.

"ತುಳಿಬೇಡಿ," ಎಂದರು ಇನೆಜ್ ಬಾಯಿ. "ದೋಸೆ ಎಬ್ಬಿಸಿದ ಹಾಗೆ, ಬದಿಯಿಂದ ಬನ್ನಿ."

ಬರ್ನಾರ್ಡ್ ಬದಿಯಿಂದ ಬಂದರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವರು ದೋಸೆ ಎಬ್ಬಿಸಿದ್ದು ಕಡಿಮೆ, ಆದರೂ ಮೆಲ್ಲಗೆ ಕೆರೆದರು. ಹೆಂಡತಿ ಕಾಲ್ಬೆರಳಿನಿಂದ ಗುರುತು ಮಾಡಿದಲ್ಲಿ ಗಂಡ ತೆಗೆಯುವುದು, ಎಳೆದು ಕುಲುಕುವುದು, ಇಬ್ಬರೂ ಬಗ್ಗಿ ನೋಡುವುದು. ನೀರು ಬರ್ನಾರ್ಡರ ಹಿಮ್ಮಡಿ ಮುಟ್ಟಿತು. ಮಕ್ಕಳು ಕಟ್ಟಿದ ಒಂದು ಮರಳುಗುಡ್ಡೆ ಅರ್ಧ ಕುಸಿದಿದ್ದಲ್ಲಿ ಯಂತ್ರ ಎರಡು ಸಲ ಕೂಗಿತು. ಅಲ್ಲಿಂದ ಬಂದದ್ದು ಮತ್ತೊಂದು ಸೋಡಾ ಮುಚ್ಚಳ. ಬರ್ನಾರ್ಡ್ ಬಿಸಾಡಲು ಎತ್ತಿದರು. ಮುಚ್ಚಳದ ಜೊತೆ ಒಂದು ತೆಳು ವಯರು, ವಯರಿನ ಕೊನೆಯಲ್ಲಿ ಗೋಡಂಬಿಯ ಆಕಾರದ ಕಂದು ಮಿಶನ್ ತೂಗಾಡುತ್ತಾ ಮೇಲೆ ಬಂತು. ಮ್ಯಾಗ್ನೆಟ್ಟು ಮುಚ್ಚಳವನ್ನು ಕಚ್ಚಿಕೊಂಡಿತ್ತು.

ರಾಹಿಲಾ ಅದನ್ನು ತೆಗೆದುಕೊಂಡು ಬ್ಯಾಟರಿ ಬಿಚ್ಚಿ, ಮರಳು ಊದಿ, ಕರವಸ್ತ್ರದಲ್ಲಿ ಸುತ್ತಿದಳು. ಕೂಡಲೇ ಹಾಕುವ ಹಾಗಿಲ್ಲ, ಒಣಗಬೇಕು ಎಂದಳು. ಆಮೇಲೆ ಇನೆಜ್ ಬಾಯಿಯ ಎರಡೂ ಕೈಯನ್ನು ಹಿಡಿದುಕೊಂಡಳು. ಆ ಹಿಡಿತಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು. ಇನೆಜ್ ಬಾಯಿ ಕೈ ಎಳೆದುಕೊಳ್ಳಲಿಲ್ಲ.

ಮರುದಿನ ಸಂಜೆ ರಾಹಿಲಾಳ ವಿಡಿಯೋ ಬಂತು. ಅಲೀಮಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಾಳೆ, ತಾಯಿ ಹಿಂದಿನಿಂದ ಹೆಸರು ಕರೆಯುತ್ತಾಳೆ, ಹುಡುಗಿ ತಿರುಗಿ "What, Umma?" ಎನ್ನುತ್ತಾಳೆ. ಬರ್ನಾರ್ಡ್ ಅದನ್ನು ಎಷ್ಟು ಸಲ ಹಾಕಿ ನೋಡಿದರೋ.

ಇನೆಜ್ ಬಾಯಿಗೆ ಆ ವಾರ ಆಫೀಸಿಗೆ ರಜೆ ಹಾಕಬೇಕಾಯಿತು. ಬೆರಳುಗಳು ಬಾಳೆಕಾಯಿಯ ಹಾಗೆ ಆಗಿದ್ದವು. ಡಾಕ್ಟರು ಬೈದರು, ಮಾತ್ರೆ ಬದಲಿಸಿದರು. "ಮರಳು ಅಗೆಯೋದು ಬಿಡ್ತೀರಾ?" ಎಂದು ಕೇಳಿದಾಗ ಉತ್ತರ ಕೊಟ್ಟದ್ದು ಬರ್ನಾರ್ಡ್.

"ಅಗೆಯೋದು ಇನ್ನು ನಾನು ಡಾಕ್ಟ್ರೇ. ಇವಳು ತೋರಿಸಿದ್ರೆ ಸಾಕು."

ಅಲ್ಲಿಂದ ನೇರ ಸಬ್ಹಾನಿಗೆ ಹೋಗಿ, ಹಿಡಿಯನ್ನು ತಮ್ಮ ಎತ್ತರಕ್ಕೆ ಒಂದು ಗೇಣು ಉದ್ದ ಮಾಡಿಕೊಡಲು ಬರ್ನಾರ್ಡ್ ಕೇಳಿದರು. ಹಸೈನಾರ್ ಟೇಪು ಹಿಡಿದು ಅಳೆಯತೊಡಗಿದರು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಇನೆಜ್ ಬಾಯಿ, ಒಳಗೊಂದು ಪೈಪು ಹಾಕಿ ಬೇಕಾದಾಗ ಉದ್ದ, ಬೇಕಾದಾಗ ಗಿಡ್ಡ ಮಾಡುವ ಹಾಗೆ ಮಾಡಿ ಎಂದರು. ಕೈ ಸರಿಯಿದ್ದ ದಿನ ಗಿಡ್ಡ ಮಾಡಿಕೊಂಡು ತಾವೇ ಅಗೆಯಬೇಕು ಎಂಬುದು ಅವರ ಲೆಕ್ಕ.