ಅತ್ತೆಯ ಸಕ್ಕರೆ, ಅಳಿಯನ ಪ್ರೋಗ್ರಾಮು

ಬ್ರೌಸರಿನಲ್ಲಿ ಓಡುತ್ತಿದ್ದ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯನ್ನು ಸರ್ವರ್‌ನಲ್ಲೂ ಓಡಿಸುವ ಹೊಸ ಸಾಧನ ಆಗಷ್ಟೇ ಬಂದಿತ್ತು. ೨೦೦೯ರ ಕೊನೆ. ಬಸವಕಲ್ಯಾಣದಲ್ಲಿ ಅದನ್ನು ಬಲ್ಲವನು ನಾನೊಬ್ಬನೇ ಎಂದು ನಂಬಿದ್ದೆ. ಅಲ್ಲ ಎನ್ನುವವರು ಸಿಕ್ಕಿರಲಿಲ್ಲ, ಯಾಕೆಂದರೆ ಅದು ಏನೆಂದೇ ಯಾರಿಗೂ ಗೊತ್ತಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ.

ಆ ಗೌಡಿಕೆಯಲ್ಲೇ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಪ್ರೋಗ್ರಾಮು ಬರೆದುಕೊಟ್ಟೆ. ಲ್ಯಾಬು ಬಸವಕಲ್ಯಾಣದಲ್ಲಿ, ಶಾಖೆ ಹುಮನಾಬಾದಿನಲ್ಲಿ. ಎರಡೂ ಕಡೆ ರೋಗಿಯ ನಂಬರು ಒತ್ತಿದರೆ ರಿಪೋರ್ಟು ಬರಬೇಕು. ಈ ಬಗೆಯ ಕೋಡು ಕಾಯುತ್ತ ಕೂರುವುದಿಲ್ಲ. ಒಬ್ಬರ ರಿಪೋರ್ಟು ಹುಡುಕಲು ಹೇಳಿ, ಅದು ಸಿಗುವಷ್ಟರಲ್ಲಿ ಮುಂದಿನವರ ಕೆಲಸ ಹಿಡಿಯುತ್ತದೆ. ನಾನೂ ಅದರ ಹಾಗೇ, ಪೂರ್ತಿ ಓದಿಕೊಳ್ಳದೆ ಬರೆಯಲು ಕೂತಿದ್ದೆ. ರೋಗಿಯ ನಂಬರನ್ನು ಎಲ್ಲರಿಗೂ ಸೇರಿದ ಒಂದೇ ವೇರಿಯೇಬಲ್‌ನಲ್ಲಿ, ಅಂದರೆ ಒಂದೇ ಡಬ್ಬಿಯಲ್ಲಿ ಇಟ್ಟೆ. ಒಬ್ಬನೇ ಕೂತು ನೂರು ಸಲ ನೋಡಿದೆ, ನೂರು ಸಲವೂ ಸರಿ ಬಂತು.

ಹುಮನಾಬಾದಿನಲ್ಲಿ ನನ್ನ ಅತ್ತೆಯ ಮನೆ. ಅವರಿಗೆ ಸಕ್ಕರೆ ಕಾಯಿಲೆ. ನಾನೇ ಶಾಖೆಗೆ ಕರೆದೊಯ್ದು ರಕ್ತ ಕೊಡಿಸಿ, ಸಂಜೆ ನಾನೇ ನಂಬರು ಒತ್ತಿ ಓದಿದೆ.

“ಅತ್ತೀ, ಸಕ್ಕರಿ ನಾರ್ಮಲ್ ಅದರೀ! ಇನ್ನ ಗುಳಿಗಿ ಯಾಕ ಬೇಕ್ರಿ?”

ಡಾಕ್ಟರನ್ನು ಕೇಳುವಷ್ಟು ಸಣ್ಣವನಾಗಿರಲಿಲ್ಲ ನಾನು; ಗುಳಿಗೆ ನಾನೇ ಬಿಡಿಸಿದೆ. ಓಣಿಯವರನ್ನು ಕೂರಿಸಿಕೊಂಡು ನನ್ನ ಪ್ರೋಗ್ರಾಮನ್ನು ಹೊಗಳಿದ್ದೇ ಹೊಗಳಿದ್ದು. ಹೋಳಿಗೆ ಮಾಡಿಸಿ, ಮೇಲೆ ತುಪ್ಪ ಸುರಿದು ಅತ್ತೆಗೆ ಬಡಿಸಿದವನೂ ನಾನೇ.

ಎಂಟನೇ ದಿನ ಅತ್ತೆ ಅಂಗಳದಲ್ಲಿ ಬಿದ್ದರು. ದವಾಖಾನೆಯಲ್ಲಿ ನೋಡಿದರೆ ಸಕ್ಕರೆ ಮುನ್ನೂರು ದಾಟಿತ್ತು. ಮನೆಗೆ ಓಡಿ ಕಂಪ್ಯೂಟರು ಹಚ್ಚಿದೆ. ಸರ್ವರಿನ ದಾಖಲೆ ತೆಗೆದು ನೋಡಿದೆ. ಅತ್ತೆಯ ಹೆಸರು ಸಿಕ್ಕಿ, ರಿಪೋರ್ಟು ಹುಡುಕುತ್ತಿದ್ದ ಅದೇ ಸೆಕೆಂಡಿನಲ್ಲಿ ಬಸವಕಲ್ಯಾಣದಲ್ಲಿ ಇನ್ಯಾರದೋ ನಂಬರು ಒತ್ತಿದ್ದರು. ಆ ನಂಬರು ಬಂದು ಅತ್ತೆಯ ನಂಬರನ್ನು ಅಳಿಸಿ ಕೂತಿತ್ತು. ಹೆಸರು ಅತ್ತೆಯದು, ಸಕ್ಕರೆ ಬೇರೆಯವರದು. ಒಬ್ಬನೇ ಕೂತು ಒತ್ತಿದರೆ ಇದು ಸಾವಿರ ಸಲಕ್ಕೂ ಕಾಣುತ್ತಿರಲಿಲ್ಲ. ಲ್ಯಾಬಿಗೆ ಫೋನು ಮಾಡಿ ಪ್ರೋಗ್ರಾಮು ನಿಲ್ಲಿಸಿ ಎಂದು ಹೇಳಿ ಮತ್ತೆ ದವಾಖಾನೆಗೆ ಓಡಿದೆ.

ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಿಬಿಡಬಹುದಿತ್ತು. ಅತ್ತೆಯ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ.

“ತಪ್ಪು ನಂದರೀ ಅತ್ತೀ,” ಎಂದೆ.

ಸಲೈನು ಚುಚ್ಚಿದ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು.

“ಮೂರನೇ ದಿನಕ್ಕೇ ಕಣ್ಣು ಮಂಜಾಗಿದ್ವು, ಅಳಿಯಾರ. ಓಣಿ ಮಂದಿ ಮುಂದ ನಿಮ್ಮ ಮಾತು ಸುಳ್ಳಾಗಬಾರದಂತ, ಬಾಯಿ ಮುಚ್ಚಿಕೊಂಡು ಹೋಳಿಗಿ ತಿಂದೀನಿ.”