ಅವ್ವ ಅಂದ ಯೆಸ್

ಬಾಣಂತಿ ಫೋನ್ ನೋಡಿದರೆ ಕಣ್ಣು ಹೋಗುತ್ತದೆ ಎಂಬುದು ಅವ್ವನ ಕಾನೂನು. ನನ್ನ ಬಾಣಂತನಕ್ಕೆಂದು ಧಾರವಾಡದಿಂದ ಮೆಲ್ಬರ್ನ್‌ಗೆ ಬಂದವಳು ಕೂಸು ಹುಟ್ಟಿದ ದಿನವೇ ನನ್ನ ಫೋನನ್ನು ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಹಾಗಾಗಿ ಗಿರಾಕಿಗಳ ವಿವರ ಸರಿನೋಡಲು ಗ್ಯಾಸ್ ಕಂಪನಿಯ ಕರೆ ಬಂದಾಗ ಎತ್ತಿದವಳೂ ಅವಳೇ. ನಾನು ಮಲಗಿದ್ದೆ. ಗಂಡ ಆ ವಾರ ಕೆಲಸದ ಮೇಲೆ ಸಿಡ್ನಿಗೆ ಹೋಗಿದ್ದ.

ಅದು ಜುಲೈ ತಿಂಗಳು, ಇಲ್ಲಿ ನಡುಚಳಿಗಾಲ. ಊರಲ್ಲಿ ಯಾರಿಗಾದರೂ ಆಸ್ಟ್ರೇಲಿಯಾದಲ್ಲಿ ಚಳಿ ಎಂದರೆ ನಗುತ್ತಾರೆ, ಒಂದು ಬೆಳಿಗ್ಗೆ ಬಂದು ಇಲ್ಲಿನ ನೆಲದ ಮೇಲೆ ಬರಿಗಾಲು ಇಡಲಿ. ನಮ್ಮ ಬಾಡಿಗೆ ಮನೆಯಲ್ಲಿ ಹೀಟರ್, ಬಿಸಿನೀರು, ಒಲೆ ಮೂರೂ ಗ್ಯಾಸಿನವು.

ಆ ಕರೆ ಬಂದ ನಾಲ್ಕನೆಯ ದಿನ, ಶುಕ್ರವಾರ ಬೆಳಿಗ್ಗೆ, ಅವ್ವ ಬಚ್ಚಲಲ್ಲಿ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದಳು. ನಲ್ಲಿಯಿಂದ ತಂಬಿಗೆಗೆ ಬರುತ್ತಿದ್ದ ನೀರು ಇದ್ದಕ್ಕಿದ್ದಂತೆ ತಣ್ಣಗಾಯಿತು. ಅವಳಿಗೆ ತಿಳಿಯುವಷ್ಟರಲ್ಲಿ ಒಂದು ತಂಬಿಗೆ ನೀರು ಕೂಸಿನ ಎದೆಯ ಮೇಲೆ ಬಿದ್ದಾಗಿತ್ತು. ಕೂಸು ಬಾಯಿ ತೆರೆಯಿತು, ದನಿಯೇ ಬರಲಿಲ್ಲ. ಆ ಬಾಯಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ನಾನು ಹೊರಗೆ ಓಡಿದೆ. ಮನೆಯ ಪಕ್ಕದ ಮೀಟರಿಗೆ ಬೀಗ ಬಿದ್ದಿತ್ತು. ಹಳದಿ ಕೋಟಿನವನೊಬ್ಬ ತನ್ನ ವ್ಯಾನ್ ಹತ್ತುತ್ತಿದ್ದ. ಕೇಳಿದರೆ, ಇದು ಖಾಲಿ ಮನೆ ಎಂದು ತನ್ನ ಹಾಳೆಯಲ್ಲಿ ಬರೆದಿದೆ, ಬೀಗ ತೆಗೆಯಲು ತನಗೆ ಅಧಿಕಾರವಿಲ್ಲ ಎಂದ. ಅವನ ಬೆನ್ನ ಹಿಂದೆ ಹಗ್ಗದ ತುಂಬ ಕೂಸಿನ ಲಂಗೋಟಿಗಳು ಒಣಗುತ್ತಿದ್ದವು. ಕಣ್ಣಿದ್ದೂ ಕುರುಡ.

ಕಂಪನಿಗೆ ಫೋನ್ ಮಾಡಿದೆ. ಮನೆ ಬಿಡುತ್ತಿರುವುದಾಗಿ ನೀವೇ ಒಪ್ಪಿದ್ದೀರಿ, ಇನ್ನು ಗ್ಯಾಸ್ ಬರುವುದು ಸೋಮವಾರ ಎಂದರು. ನಾನು ಅವ್ವನ ಕಡೆ ತಿರುಗಿದೆ.

"ಅವ್ವಾ, ಯಾರರ ಫೋನ್ ಮಾಡಿದ್ರೇನ?"

"ಮಾಡಿದ್ದಾ ಒಬ್ಬಾಂವ. ನಿನ್ನ ಹೆಸರು ಹೇಳಿದಾ, ನಿನ್ನ ಫೋನ ಅಲ್ಲಾ, ಯೆಸ್ ಅಂದೆ. ಮನಿ ಬಿಡೂದಿಲ್ಲಲ್ಲಾ ಅಂತ ಕೇಳಿದಾ. ಹೌದಪಾ, ಬಿಡೂದಿಲ್ಲ ಅನ್ನಾಕ ಯೆಸ್ ಯೆಸ್ ಅಂದೆ."

ಊಟ ಆಗಿಲ್ಲವೇ ಎಂದು ಕೇಳಿದರೆ ನಾವು ಹೌದು, ಆಗಿಲ್ಲ ಎನ್ನುತ್ತೇವೆ. ಇಂಗ್ಲಿಷಿನವರಿಗೆ ಅಲ್ಲಿ ನೋ ಬೇಕು. ಅವ್ವನ ಯೆಸ್ ಅವರಿಗೆ ಮನೆ ಬಿಡುತ್ತೇವೆ ಎಂದು ಕೇಳಿಸಿತ್ತು. ಈ ಒಂದು ಯೆಸ್‌ನಿಂದ ನಾನೇ ಇಲ್ಲಿಗೆ ಬಂದ ಹೊಸತರಲ್ಲಿ ಆಫೀಸಿನಲ್ಲಿ ಹತ್ತಾರು ಸಲ ಬೇಸ್ತು ಬಿದ್ದಿದ್ದೇನೆ. ಎಲ್ಲ ಗೊತ್ತಿದ್ದೂ ಆ ಬೆಳಿಗ್ಗೆ ಅವ್ವನ ಮೇಲೆ ರೇಗಿದೆ. ಬಾರದ ಭಾಷೆಯ ಫೋನು ನಿನಗೇಕೆ ಎಂದೆ. ಅವಳು "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು," ಎಂದು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು.

ಮೂರು ದಿನ ಪಕ್ಕದ ಮನೆಯವರು ಕೊಟ್ಟ ಪುಟ್ಟ ಕರೆಂಟ್ ಹೀಟರಿನ ಮುಂದೆ ಒಂದೇ ಕೋಣೆಯಲ್ಲಿ ಕೂತೆವು. ಅವ್ವ ಎಲೆಕ್ಟ್ರಿಕ್ ಕೆಟಲಿನಲ್ಲಿ ನೀರು ಕಾಯಿಸಿ ಕಾಯಿಸಿ ಕೂಸಿನ ಮೈ ಒರೆಸಿದಳು. ಭಾನುವಾರ ಅದಕ್ಕೆ ಮೂಗು ಕಟ್ಟಿತು, ಹಾಲು ಕುಡಿಯುವುದನ್ನು ಬಿಟ್ಟಿತು. ಡಾಕ್ಟರು ಬೆಚ್ಚಗಿಡಿ ಎಂದರು. ಸೋಮವಾರ ಮಧ್ಯಾಹ್ನ ಬೀಗ ತೆಗೆದರು, ಎರಡು ದಿನಕ್ಕೆ ಕೂಸು ಚೇತರಿಸಿಕೊಂಡಿತು. ಅವ್ವ ಮಾತ್ರ ಆಮೇಲೆ ಫೋನ್ ಮುಟ್ಟಲಿಲ್ಲ. ಅಪ್ಪ ವಿಡಿಯೋ ಕಾಲ್ ಮಾಡಿದರೂ ದೂರದಿಂದಲೇ ತಲೆಯಾಡಿಸುತ್ತಿದ್ದಳು.

ಕಂಪನಿಯವರ ಚಳಿ ಬಿಡಿಸದೆ ಬಿಡುವುದಿಲ್ಲ ಎಂದುಕೊಂಡೆ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು, ಆ ವಿದ್ಯೆಯನ್ನೆಲ್ಲ ಈ ಕಂಪನಿಯ ಮೇಲೆ ಸುರಿದೆ. ಫೋನ್ ನನ್ನ ಕೈಗೆ ಬಂತು, ಕಣ್ಣು ಹೋದರೆ ಹೋಗಲಿ. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ದೂರು. ಕಂಪನಿಗೆ ಬರೆದೆ, ಕಂಪನಿಗಳ ಮೇಲಿನ ದೂರು ಕೇಳುವ ಓಂಬುಡ್ಸ್‌ಮನ್‌ಗೆ ಬರೆದೆ. ಗಂಡ ಸಿಡ್ನಿಯಿಂದ ಬಂದು, "ಗ್ಯಾಸ್ ಬಂತಲ್ಲ, ಇನ್ನೂ ಯಾಕೆ ಎಳೀತೀಯಾ?" ಎಂದ. ಅವನ ಜೊತೆ ಎರಡು ದಿನ ಮಾತು ಬಿಟ್ಟೆ.

ಕೊನೆಗೆ ಆ ಕರೆಯ ರೆಕಾರ್ಡಿಂಗ್ ಕೈಗೆ ಬಂತು. ಕೂಸಿಗೆ ಹಾಲೂಡಿಸುತ್ತಾ ಕೇಳಿದೆ. ಅವ್ವನ ಹಿಂದೆ ಕೂಸು ಜೋರಾಗಿ ಅಳುತ್ತಿದೆ. ಓ, ಪಾಪುವಾ, ಎಷ್ಟು ದಿನ ಎಂದು ಕರೆ ಮಾಡಿದವನು ಕೇಳುತ್ತಾನೆ. "ನೈಂಟೀನ್ ಡೇಸ್," ಎನ್ನುತ್ತಾಳೆ ಅವ್ವ, ಹೆಮ್ಮೆಯಿಂದ. ಲವ್ಲಿ ಎನ್ನುತ್ತಾನೆ. ಮರುಕ್ಷಣವೇ, ಹಾಗಾದರೆ ನೀವು ಮನೆ ಬಿಡುತ್ತಿಲ್ಲ ಅಲ್ಲವೇ ಎಂಬ ಪ್ರಶ್ನೆ, ಅವ್ವನ ಎರಡು ಯೆಸ್, ಕೀಲಿಮಣೆಯ ಟಕಟಕ. ನನ್ನ ಮೈಯೆಲ್ಲ ಉರಿದುಹೋಯಿತು. ಅವ್ವನಿಗೆ ಆಡಿದ ಮಾತು ನೆನಪಾಗಿ ಅಳು ಬಂತು.

ಮ್ಯಾನೇಜರನ್ನು ಫೋನಿಗೆ ಕರೆಸಿ, ಆ ಭಾಗವನ್ನು ಅವನಿಗೆ ನಾಲ್ಕು ಸಲ ಕೇಳಿಸಿದೆ. ಮೂರನೆಯ ಸಲಕ್ಕೆ ಸಾಕು ಎಂದ, ನನಗೆ ಸಾಕಾಗಿರಲಿಲ್ಲ. ಆ ಪ್ರಶ್ನೆಯನ್ನು ತೆಗೆದುಹಾಕಬೇಕು, ಚಳಿಗಾಲದಲ್ಲಿ ಬಾಗಿಲು ತಟ್ಟಿ ನೋಡದೆ ಯಾರ ಮನೆಯ ಗ್ಯಾಸಿಗೂ ಬೀಗ ಹಾಕಬಾರದು ಎಂದೆ. ಎರಡಕ್ಕೂ ಒಪ್ಪಿ ಬರೆದುಕೊಟ್ಟ. ಪರಿಹಾರದ ಮಾತೆತ್ತಿದ. ಅದು ಬೇಡ, ನನ್ನ ತಾಯಿಗೆ ಅವಳ ಭಾಷೆಯಲ್ಲಿ ಕ್ಷಮೆ ಕೇಳು ಎಂದೆ.

ಎರಡು ದಿನ ಬಿಟ್ಟು ಕನ್ನಡದ ಅನುವಾದಕಿಯೊಬ್ಬಳನ್ನು ಲೈನಿಗೆ ಹಾಕಿಸಿ ಮ್ಯಾನೇಜರ್ ಫೋನ್ ಮಾಡಿದ. ಸ್ಪೀಕರ್ ಹಾಕಿ ಅವ್ವನನ್ನು ಎಳೆತಂದು ಕೂರಿಸಿದೆ.

"ಅಮ್ಮ, ಅವ್ರು ಸಾರಿ ಕೇಳ್ತಿದ್ದಾರೆ. ನಿಮ್ಮದೇನೂ ತಪ್ಪಿಲ್ಲ, ನಾವು ಕೇಳಿದ ರೀತಿನೇ ಸರಿ ಇರ್ಲಿಲ್ಲ ಅಂತಿದ್ದಾರೆ," ಎಂದಳು ಅನುವಾದಕಿ.

ನನಗೆ ಅವ್ವನದೇ ಭಯ. ಮನೆ ಮುರಿದವನಿಗೂ ಚಹಾ ಕೊಟ್ಟು ಕಳಿಸುವವಳು, ಇರ್ಲಿ ಬಿಡ್ರಿ ಎಂದುಬಿಟ್ಟರೆ ಇಷ್ಟು ದಿನದ ನನ್ನ ಹಟ ಮಣ್ಣುಪಾಲು. ಬೇಡ ಎಂದು ಕೈಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಸೆರಗು ಸರಿಮಾಡಿಕೊಂಡು ಫೋನಿನ ಹತ್ತಿರ ಬಾಗಿದಳು.

"ನನಗ ಇಂಗ್ಲಿಷ್ ಸರಿಯಾಗಿ ಬರೂದಿಲ್ರಿ, ಯೆಸ್ ಅಂದೆ. ಆದ್ರ ಕೂಸು ಅತ್ತಿದ್ದು ಅವಗ ಕೇಳಿಸಿತ್ತಲ್ಲ. ಅದೇನು ಕನ್ನಡದಾಗ ಅಳ್ತಿತ್ತೇನ್ರಿ?"

"ಇದನ್ನೂ ಹೇಳ್ಲಾ ಅಮ್ಮ?" ಎಂದು ಅನುವಾದಕಿ ಮೆಲ್ಲಗೆ ಕೇಳಿದಳು.

"ಹೇಳ್ರಿ," ಎಂದಳು ಅವ್ವ. "ಒಂದಕ್ಷರಾನೂ ಬಿಡಬ್ಯಾಡ್ರಿ."